ಜ್ವಾಲಾಮುಖಿಯ ತಣ್ಣನೆಯ ಬುತ್ತಿ

"ನೋಡ್ತಾ ಇರು! ಈ ಸಲ ನೀನು ಬೆಟ್ಟದ ಮೇಲೆ ಮಹಾರಾಣಿ ಥರ ಊಟ ಮಾಡ್ತೀಯ. ಒಲೆ ಬೇಡ, ಬೆಂಕಿ ಬೇಡ, ನನ್ನ ಈ ಎರಡು ಕೈ ಸಾಕು!"

ಹೀಗೆಂದು ಎದೆ ತಟ್ಟಿಕೊಂಡವರು ಜ್ವಾಲಾಮುಖಿಯವರು. ಅದು ಹೆತ್ತವರು ಇಟ್ಟ ಹೆಸರಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ದೊಡ್ಡ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅವರು ಮುಖ್ಯ ಅಡುಗೆಯವರು. ಸಣ್ಣ ಉರಿ ಎಂದರೆ ಅವರಿಗೆ ಮೈಯೆಲ್ಲ ಉರಿ! ಒಲೆ ಹಚ್ಚಿದರೆಂದರೆ ಜ್ವಾಲೆ ಬಾಣಲೆಯ ಕಂಠದವರೆಗೂ ಏರಬೇಕು, ಮೂರನೆಯ ಮಹಡಿಯ ಗುಮಾಸ್ತರು ಪೆನ್ನು ಕೆಳಗಿಟ್ಟು ಮೂಗು ಅರಳಿಸಬೇಕು. ಆ ಗುಮಾಸ್ತರೇ ಸೇರಿ ಇಟ್ಟ ಬಿರುದು ಇದು. ಇಂಥ ಮನುಷ್ಯ ಬೆಂಕಿಯಿಲ್ಲದೆ ಊಟ ಹಾಕುತ್ತೇನೆಂದು ಪ್ರತಿಜ್ಞೆ ಮಾಡಿದ್ದು ಕೇಳಿ ಅಡುಗೆಮನೆಯ ಗ್ಯಾಸ್ ಒಲೆಗೇ ಒಂದು ಕ್ಷಣ ಎದೆ ಧಸಕ್ಕೆಂದಿರಬೇಕು.

ಈ ಪ್ರತಿಜ್ಞೆಗೆ ಕಾರಣ ಅವರ ಹೆಂಡತಿ. ಸರ್ವೆ ಇಲಾಖೆಯಲ್ಲಿ ಆಕೆ ಸರ್ವೆಯರ್. ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ತರಕಾರಿ ಅಂಗಡಿಯಲ್ಲೂ ಎಲ್ಲರ ಬಾಯಲ್ಲಿ 'ಮೇಡಂ'. ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿ, ದುರ್ಬೀನಿನ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಆಕೆ ಗುಡ್ಡ ಹತ್ತುತ್ತಿದ್ದರೆ ಮೇಕೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದುವಂತೆ. ಕಚೇರಿಯ ಗಂಡಸರು ಫ್ಯಾನಿನ ಕೆಳಗೆ ಕುಳಿತು ನಕ್ಷೆಗೆ ಬಣ್ಣ ತುಂಬುವಾಗ, ಬೆಟ್ಟದ ಕೆಲಸ ಬಂದರೆ ಸಾಕು, ಈಕೆಯ ಮುಖ ಅರಳುತ್ತಿತ್ತು.

ಆದರೆ ಈಚೆಗೆ ಆ ಮುಖ ಬಾಡಿತ್ತು. ಒಂದು ಬೆಟ್ಟದ ನೆತ್ತಿಯ ಮೇಲೆ ನೀರಿನ ತೊಟ್ಟಿ ಕಟ್ಟಬೇಕಾಗಿತ್ತು. ಅದಕ್ಕೆ ಬುಡದಿಂದ ನೆತ್ತಿಯವರೆಗೆ ಎತ್ತರ ಅಳೆದು ತರುವ ಕೆಲಸ ಮೇಡಂ ಪಾಲಿಗೆ ಬಂದಿತ್ತು. ಕಾಲವೋ ಕಡು ಬೇಸಿಗೆ. ಹುಲ್ಲೆಲ್ಲ ಒಣಗಿ ನಿಂತಿರುವಾಗ ಒಂದು ಕಿಡಿ ಬಿದ್ದರೆ ಬೆಟ್ಟವೇ ಬೂದಿ! ಹಾಗಾಗಿ ಸ್ಟವ್ ಇರಲಿ, ಬೆಂಕಿಪೊಟ್ಟಣವನ್ನು ಕೂಡ ಮೇಲಕ್ಕೆ ಬಿಡುತ್ತಿರಲಿಲ್ಲ. ಹೋದ ಸಲ ಆಕೆ ಅಂಗಡಿಯ ತಿಂಡಿಯನ್ನೇ ನಂಬಿ ಹೋದರು. ಬ್ರೆಡ್ಡಿಗೆ ಬೂಷ್ಟು ಬಂತು, ಬಿಸ್ಕತ್ತು ಪುಡಿಯಾಯಿತು, ಬಾಳೆಹಣ್ಣು ನಕ್ಷೆಗೆ ಮೆತ್ತಿಕೊಂಡಿತು. ಹಸಿದು ತಲೆಸುತ್ತು ಬಂದು ಆಕೆ ಮುಕ್ಕಾಲು ಬೆಟ್ಟದಿಂದಲೇ ಇಳಿದು ಬಂದರು. "ಇನ್ನೊಂದು ಸಲ ಹೀಗಾದ್ರೆ ಈ ಬೆಟ್ಟ ಮಾತ್ರ ಅಲ್ಲ, ಯಾವ ಬೆಟ್ಟವೂ ನಿಮಗಿಲ್ಲ. ಇಲ್ಲೇ ಕೂತು ನಕ್ಷೆ ಮಡಚಿ" ಎಂದುಬಿಟ್ಟಿದ್ದರು ಮೇಲಧಿಕಾರಿ.

"ಊರಿಗೆಲ್ಲ ಊಟ ಹಾಕೋ ಗಂಡ ಇದ್ದೂ ನನ್ನ ಮಗಳು ಹಸಿದು ಇಳಿದು ಬಂದಳಲ್ಲ!" ಎಂದರು ಅತ್ತೆ. ಮೇಡಂ ಅವರ ತಾಯಿ, ಮಗಳ ಮನೆಯಲ್ಲೇ ಇದ್ದರು. ಅಳಿಯನಿಗೆ ಎಂದೂ 'ಬನ್ನಿ ಹೋಗಿ' ತಪ್ಪಿಸಿದವರಲ್ಲ; ಚುಚ್ಚುವಾಗಲಂತೂ ಮರ್ಯಾದೆ ಇನ್ನೂ ಒಂದು ತೂಕ ಹೆಚ್ಚು!

ಆ ಮಾತಿಗೇ ಜ್ವಾಲಾಮುಖಿ ಸಿಡಿದು ಮೇಲಿನ ಪ್ರತಿಜ್ಞೆ ಹೊರಬಿದ್ದಿತ್ತು.

"ಬುತ್ತಿ ಭಾರ ಇರಬಾರದು, ನನಗೆ ದುರ್ಬೀನು ಹೊರಬೇಕು. ಬಿಸಿಲಿಗೆ ಕೆಡಬಾರದು. ಬೆಂಕಿ ಕೇಳಬಾರದು. ಆಗುತ್ತೇನ್ರೀ?" ಎಂದರು ಮೇಡಂ.

ಜ್ವಾಲಾಮುಖಿಯವರು ಕಣ್ಣು ಮುಚ್ಚಿದರು. ಋಷಿಗಳು ತಪಸ್ಸಿನಲ್ಲಿ ಕಂಡುಕೊಂಡದ್ದನ್ನು ಅವರು ಎರಡು ಲೋಟ ಕಾಫಿಯಲ್ಲಿ ಕಂಡುಕೊಂಡರು. "ಊಟದಲ್ಲಿ ಭಾರ ಯಾವುದು? ನೀರು! ಕೆಡಿಸೋದು ಯಾವುದು? ನೀರು! ನೀರನ್ನ ಇಲ್ಲೇ ತೆಗೆದುಬಿಡ್ತೀನಿ. ಬೆಟ್ಟದ ಮೇಲೆ ನೀನೇ ವಾಪಸ್ ಹಾಕ್ಕೋ. ಮುಗೀತು!"

ಅತ್ತೆ ಮಗಳ ಮುಖ ನೋಡಿದರು. "ಅಳಿಯಂದಿರು ಹೇಳೋದು ಒಂದೊಂದ್ಸಲ ಅರ್ಥ ಆಗಿಬಿಡುತ್ತೆ ಕಣೇ. ಅದೇ ಭಯ!"

ಮಾರನೆಯ ದಿನದಿಂದ ಮನೆಯ ತಾರಸಿಯ ಮೇಲೆ ಮಹಾಯಾಗ ಶುರುವಾಯಿತು. ಬೇಯಿಸಿದ ಕಾಳು, ಬೇಯಿಸಿದ ಅನ್ನ, ತೆಳ್ಳಗೆ ಹೆಚ್ಚಿದ ಕ್ಯಾರೆಟ್ಟು, ಕೋಸು, ಟೊಮೆಟೊ, ಬಾಳೆಹಣ್ಣು ಎಲ್ಲವೂ ಶುಭ್ರವಾದ ಪಂಚೆಗಳ ಮೇಲೆ ಬಿಸಿಲಿಗೆ ಮೈಚಾಚಿದವು. ಬೆಟ್ಟಕ್ಕೆ ಹೋಗುವವರು ಮೇಡಂ ಮತ್ತು ಅವರ ಸಹಾಯಕ, ಇಬ್ಬರೇ. ಆದರೆ ಕ್ಯಾಂಟೀನಿನ ಕೈಗೆ ಇಬ್ಬರ ಅಳತೆ ಗೊತ್ತಿದ್ದರೆ ತಾನೇ! ಬುಟ್ಟಿಗಟ್ಟಲೆ ಹೆಚ್ಚಿದರು. ಅಕ್ಕಪಕ್ಕದವರು ಒಗೆದ ಬಟ್ಟೆ ಹರವಲು ಜಾಗವಿಲ್ಲದೆ ಬಕೆಟ್ಟು ಹಿಡಿದುಕೊಂಡು ಹಿಂತಿರುಗಿದರು. ಸಂಜೆಯ ಹೊತ್ತಿಗೆ ಒಂದು ಬುಟ್ಟಿ ಕ್ಯಾರೆಟ್ಟು ಒಂದು ಬೊಗಸೆಯಾಗಿ ಮುದುಡಿತ್ತು. ಅದನ್ನು ಕಂಡ ಜ್ವಾಲಾಮುಖಿಯವರು "ಇಷ್ಟೇನಾ! ಇದು ಮೂಗಿಗೂ ಸಾಲಲ್ಲ" ಎಂದು ಮರುದಿನ ಇನ್ನೊಂದು ಬುಟ್ಟಿ ತಂದರು.

ಮುದುಡಿದ್ದಕ್ಕೆ ಬಿಸಿಲು ಮಾತ್ರ ಕಾರಣವಾಗಿರಲಿಲ್ಲ. ಜ್ವಾಲಾಮುಖಿಯವರಿಗೆ ಕಸುಬಿನ ಜೊತೆಗೇ ಅಂಟಿಕೊಂಡ ಒಂದು ಚಾಳಿಯಿತ್ತು: ರುಚಿ ನೋಡುವುದು. ಕ್ಯಾಂಟೀನಿನಲ್ಲಿ ಮುನ್ನೂರು ಜನರ ಅಡುಗೆಯಿಂದ ಹತ್ತಾರು ಸೌಟು ಹೋದರೆ ಯಾರಿಗೂ ತಿಳಿಯದು. ಇಲ್ಲಿ ಗಂಟೆಗೊಮ್ಮೆ ತಾರಸಿಗೆ ಹತ್ತಿ "ಒಣಗಿದೆಯಾ ನೋಡೋಣ" ಎಂದು ಒಂದು ತುಂಡು, "ಈ ಮೂಲೆಯದು ಬೇರೆ ಥರ ಒಣಗಿರಬಹುದು" ಎಂದು ಇನ್ನೊಂದು ತುಂಡು, "ಮೊದಲನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದು ಮತ್ತೆರಡು ತುಂಡು!

ಕೋಲು ಹಿಡಿದು ಕಾವಲಿಗೆ ಕುಳಿತಿದ್ದ ಅತ್ತೆ ಸಂಜೆ ಮಗಳಿಗೆ ವರದಿ ಒಪ್ಪಿಸಿದರು. "ಕಾಗೆ ಓಡಿಸೋಕೆ ಅಂತ ಕೂತೆ ಕಣೇ. ಪಾಪ, ಕಾಗೆ ಎರಡು ಚೂರು ತಿಂತು. ಅಳಿಯಂದಿರು ಒಂದು ತಟ್ಟೆ ಮುಗಿಸಿದ್ರು."

"ಅದು ತಿನ್ನೋದಲ್ಲ ಅತ್ತೆ, ಪರೀಕ್ಷೆ! ರುಚಿ ನೋಡದೆ ಅಡುಗೆ ಮಾಡೋದು ಅಂದ್ರೆ ಕಣ್ಣು ಕಟ್ಟಿಕೊಂಡು ಸೈಕಲ್ ಹೊಡೆದ ಹಾಗೆ."

"ಹಾಗಾದ್ರೆ ನಿಮ್ಮ ಸೈಕಲ್ಲು ಬಾಳೆಹಣ್ಣಿನ ತಟ್ಟೆ ಮೇಲೆ ಸುಮಾರು ಸಲ ಓಡಾಡಿದೆ ಬಿಡಿ!"

ನಕ್ಕು ಸುಮ್ಮನಾಗುವ ವಿಷಯ ಇದಲ್ಲ. ಏಕೆಂದರೆ ಆ ಮನುಷ್ಯ ಗೆದ್ದರು! ಒಂದು ಸಂಜೆ ಅಗಲ ಬಾಯಿಯ ಡಬ್ಬಿಯಲ್ಲಿ ಒಣಗಿದ ಕಾಳು, ಅನ್ನ, ಕ್ಯಾರೆಟ್ಟು ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು, ಮುಚ್ಚಳ ಬಿಗಿದು ಮೇಜಿನ ಮೇಲಿಟ್ಟರು. ಒಂದೆರಡು ಗಂಟೆಯಲ್ಲಿ ಎಲ್ಲವೂ ಉಬ್ಬಿ, ಮೆತ್ತಗಾಗಿ, ಡಬ್ಬಿ ತುಂಬಿ ನಿಂತಿತು. ಅದಕ್ಕೆ ನಿಂಬೆರಸ, ಖಾರದ ಪುಡಿ, ಉಪ್ಪು, ಮೇಲೊಂದು ಹಿಡಿ ಹುರಿದ ಕಡಲೆಬೀಜ. ಮೇಡಂ ಒಂದು ಚಮಚ ಬಾಯಿಗಿಟ್ಟವರು ಮುಂದಿನ ಚಮಚಕ್ಕೆ ಕೈ ಹಾಕಿದರು. ಡಬ್ಬಿಯ ತಳ ಕೆರೆದ ಮೇಲೆ ಹೇಳಿದರು: "ರೀ, ಇದು ತಿಂಡಿ ಅಲ್ಲ, ನಿಜವಾದ ಊಟ! ಬೆಂಕಿ ಇಲ್ಲದೆ ಇಷ್ಟು ರುಚಿ ಹೆಂಗ್ರೀ ತಂದ್ರಿ?"

ಮೂರನೆಯ ಮಹಡಿಯ ಗುಮಾಸ್ತರೆಲ್ಲ ಒಟ್ಟಾಗಿ ಹೊಗಳಿದ್ದರೂ ಜ್ವಾಲಾಮುಖಿಯವರ ಕಿವಿ ಅಷ್ಟು ಕೆಂಪಾಗಿರಲಿಲ್ಲ. ಅತ್ತೆ ಕೂಡ ಬೆರಳು ನೆಕ್ಕಿ, "ಪರವಾಗಿಲ್ಲ" ಎಂದರು. ಅತ್ತೆಯ 'ಪರವಾಗಿಲ್ಲ' ಎಂದರೆ ಬೇರೆಯವರ ಚಿನ್ನದ ಪದಕ.

ಹೊಗಳಿಕೆ ತಲೆಗೇರಿದರೆ ಆಗುವುದೇ ಅನಾಹುತ. ಹೊರಡುವ ಹಿಂದಿನ ದಿನ ಸಂಜೆ ಕೋಲಣ್ಣ ಮನೆಗೆ ಬಂದ. ಮೇಡಂ ಜೊತೆ ಬೆಟ್ಟ ಹತ್ತಿ, ಅಂಕಿ ಬರೆದ ಎತ್ತರದ ಅಳತೆಕೋಲನ್ನು ನೆಟ್ಟಗೆ ಹಿಡಿದು ನಿಲ್ಲುವ ಸಹಾಯಕ ಅವನು. ಅದಕ್ಕೇ ಆ ಹೆಸರು. ಸಾಮಾನು ನೋಡಿಕೊಂಡು ಹೋಗಲು ಬಂದವನ ಮುಂದೆ ಜ್ವಾಲಾಮುಖಿಯವರು ಒಣ ಬುತ್ತಿಯ ಚೀಲ ಬಿಚ್ಚಿದರು.

"ತಿಂದು ನೋಡಪ್ಪ, ಹೇಗಿದೆ ಹೇಳು."

ಕೋಲಣ್ಣ ನೆನೆಸದೆ ಹಾಗೇ ಒಂದು ಹಿಡಿ ಬಾಯಿಗೆಸೆದುಕೊಂಡ. ಕಟುಂ ಕುಟುಂ! "ಅಬ್ಬಬ್ಬಾ, ಕುರುಕಲು ಅಂದ್ರೆ ಇದು ಕುರುಕಲು ಅಣ್ಣಾ!"

"ಅಣ್ಣಾ ಅಂತೀಯ? ತಗೋ ಇನ್ನೊಂದು ಹಿಡಿ!"

"ಅಳಿಯಂದಿರೇ, ಅದು ನೆನೆಯೋ ಪದಾರ್ಥ" ಎಂದರು ಅತ್ತೆ ಒಳಗಿನಿಂದ.

"ಹೊಗಳೋ ಬಾಯನ್ನ ತಡೀಬಾರದು ಅತ್ತೆ!"

ಹಿಡಿ ಹಿಡಿಯಾಗಿ ಒಂದು ಬಟ್ಟಲು ಖಾಲಿಯಾಯಿತು. ಒಣ ಕಾಳು ತಿಂದು ಬಾಯಾರಿ ಕೋಲಣ್ಣ ಒಂದು ಚೊಂಬು ನೀರು ಗಟಗಟನೆ ಇಳಿಸಿ, ಇನ್ನರ್ಧ ಚೊಂಬು ಕೇಳಿ ಕುಡಿದು, ಸಂತೋಷವಾಗಿ ಮನೆಗೆ ಹೋದ. ಡಬ್ಬಿಯಲ್ಲಿ ಏನಾಗಬೇಕಿತ್ತೋ ಅದೇ ಕೋಲಣ್ಣನಲ್ಲಿ ಆಯಿತು!

ಬೆಳಗ್ಗೆ ಅವನ ಹೆಂಡತಿಯ ಫೋನು. "ಮೇಡಂ, ನಮ್ಮನೆಯವರ ಹೊಟ್ಟೆ ನಗಾರಿ ಆಗಿದೆ. ಆ ಕಡೆ ಹೊರಳೋ ಹಾಗಿಲ್ಲ, ಈ ಕಡೆ ಹೊರಳೋ ಹಾಗಿಲ್ಲ. ಭಯ ಇಲ್ಲವಂತೆ, ಆದ್ರೆ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ. ಅಂಥಾದ್ದು ಏನು ತಿನ್ನಿಸಿದ್ರಿ?"

ಮೇಡಂ ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಸಹಾಯಕನಿಲ್ಲದೆ ಅಳತೆಯಿಲ್ಲ. ಅಳತೆಯಿಲ್ಲದಿದ್ದರೆ ಮೇಲಧಿಕಾರಿಗೆ ಬೇಕಾದ ನೆಪ ಸಿಕ್ಕಿದಂತೆ. "ಮುಗೀತು. ಇನ್ನು ನಾನು ನಕ್ಷೆ ಮಡಚೋದೇ!" ಎಂದು ಗೋಡೆ ನೋಡಿದರು. ಆಕೆಯ ಕಣ್ಣಲ್ಲಿ ನೀರಾಡಿದ್ದನ್ನು ಜ್ವಾಲಾಮುಖಿಯವರು ಕಂಡರು. ಬೆಂಕಿಯ ಮುಂದೆ ಇಪ್ಪತ್ತು ವರ್ಷ ನಿಂತರೂ ಬೆವರದಿದ್ದವರು ಅಂದು ಬೆಳಗಿನ ತಂಪಿನಲ್ಲಿ ತೊಪ್ಪೆಯಾದರು.

ಪರಿಹಾರ ಅತ್ತೆಯಿಂದಲೇ ಬಂತು. "ಅಯ್ಯೋ, ಅದಕ್ಕೇನು! ಅಳಿಯಂದಿರಿಲ್ಲವಾ? ಎತ್ತರ ಇದ್ದಾರೆ. ಕೋಲು ಹಿಡಿದು ಸುಮ್ಮನೆ ನಿಲ್ಲೋದು ತಾನೇ?"

ಹೀಗೆ, ಅಡುಗೆಯೇ ಮಾಡಬಾರದ ಬೆಟ್ಟಕ್ಕೆ ಅಡುಗೆಯವರ ಸವಾರಿ ಹೊರಟಿತು! ಮೇಡಂ ಬೆನ್ನಿಗೆ ದುರ್ಬೀನು, ಹೆಗಲಿಗೆ ಸ್ಟ್ಯಾಂಡು. ಜ್ವಾಲಾಮುಖಿಯವರ ಕೈಯಲ್ಲಿ ಅಳತೆಕೋಲು, ಬೆನ್ನ ಮೇಲೆ ಮೂರು ದಿನದ ಬುತ್ತಿ. ಬೆಟ್ಟದ ಬುಡದ ಗೇಟಿನಲ್ಲಿ ಕಾವಲುಗಾರ ಇಬ್ಬರನ್ನೂ ತಡೆದು ತಪಾಸಣೆ ಮಾಡಿದ. ಜ್ವಾಲಾಮುಖಿಯವರ ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ಹೊರಬಂತು, ಪ್ಯಾಂಟಿನ ಜೇಬಿನಿಂದ ಇನ್ನೊಂದು.

"ಏನ್ ಸಾರ್ ಇದು?"

"ಅಭ್ಯಾಸ ಕಣಯ್ಯ. ಇದಿಲ್ಲದಿದ್ರೆ ಮೈಮೇಲೆ ಬಟ್ಟೆ ಇಲ್ಲದ ಹಾಗಾಗುತ್ತೆ."

"ಇಳಿದು ಬಂದಾಗ ಬಟ್ಟೆ ಹಾಕ್ಕೊಳ್ಳಿ" ಎಂದು ಕಾವಲುಗಾರ ಎರಡನ್ನೂ ಡ್ರಾಯರಿಗೆ ಹಾಕಿ ಬೀಗ ಜಡಿದ.

ಮೊದಲ ದಿನದ ಏರ್ಪಾಡು ಇಷ್ಟು. ಬೆಳಗ್ಗೆ ಊಟದ ಡಬ್ಬಿಗೆ ನೀರು ಸುರಿದು ಚೀಲಕ್ಕೆ ಕಟ್ಟಿಕೊಳ್ಳುವುದು. ನಡೆಯುತ್ತ ನಡೆಯುತ್ತ ಅದು ನೆನೆಯುವುದು. ಮಧ್ಯಾಹ್ನ ಮುಚ್ಚಳ ತೆಗೆದರೆ ಊಟ ಸಿದ್ಧ. ಯೋಜನೆಯಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ. ಬಿರುಕು ಡಬ್ಬಿ ಹೊತ್ತವರಲ್ಲಿತ್ತು. ಮೇಡಂ ಮುಂದೆ ನಡೆದಂತೆಲ್ಲ ಜ್ವಾಲಾಮುಖಿಯವರ ಕೈ ತಾನಾಗಿ ಡಬ್ಬಿಗೆ ಹೋಯಿತು. ಕಾಳು ನೆನೆದಿದೆಯೇ? ಒಂದು ಚಮಚ. ಇನ್ನೂ ಗಟ್ಟಿ. ಮುಂದಿನ ತಿರುವಿನಲ್ಲಿ ಮತ್ತೊಂದು. ಪರವಾಗಿಲ್ಲ, ಆದರೆ ಉಪ್ಪು? ಒಂದು ಚಿಟಿಕೆ ಹಾಕಿ ಮತ್ತೊಂದು. ಈಗ ನಿಂಬೆರಸ ಕಡಿಮೆಯೆನಿಸಿತು. ಮೇಲಿನದು ಸರಿ, ತಳದ ಕಾಳಿನ ಗತಿ? ತಳದವರೆಗೂ ಚಮಚ ಇಳಿಯಿತು.

ಮಧ್ಯಾಹ್ನ ಬಂಡೆಯ ನೆರಳಲ್ಲಿ ಕುಳಿತು ಮೇಡಂ ಮುಚ್ಚಳ ತೆಗೆದರು. ಡಬ್ಬಿ ಅರ್ಧಕ್ಕಿಂತ ಕೆಳಗಿತ್ತು.

"ಇದೇನ್ರೀ ಇಷ್ಟೇ ಇದೆ?"

"ಅದು... ನೆನೆದು ಕುಗ್ಗಿದೆ."

"ನೆನೆದ್ರೆ ಉಬ್ಬುತ್ತಲ್ವಾ? ಕೋಲಣ್ಣನ ಹೊಟ್ಟೆ ಏನು ಕುಗ್ಗಿತ್ತಾ?"

"ಎತ್ತರಕ್ಕೆ ಬಂದಿದ್ದೀವಲ್ಲ ಕಣೇ. ಇಲ್ಲಿ ಗಾಳಿ ಬೇರೆ!"

ಮೇಡಂ ಗಂಡನ ಮುಖವನ್ನು ಒಮ್ಮೆ ಓದಿ, ಇದ್ದದ್ದನ್ನು ಸಮನಾಗಿ ಹಂಚಿದರು. ಊಟ ಮಾತ್ರ ಅಮೋಘವಾಗಿತ್ತು, ಏಕೆ ಇರಬಾರದು? ಅಷ್ಟೊಂದು ಸಲ ರುಚಿ ನೋಡಿ ತಿದ್ದಿದ ಊಟ!

ಅಳತೆಯ ಕೆಲಸ ಶುರುವಾಯಿತು. ಮೇಡಂ ಒಂದು ಕಡೆ ಸ್ಟ್ಯಾಂಡು ಊರಿ, ಅದರ ಮೇಲೆ ದುರ್ಬೀನು ಕೂರಿಸಿ, ತಿರುಪು ತಿರುಗಿಸಿ ಮಟ್ಟ ಮಾಡುವರು. ಜ್ವಾಲಾಮುಖಿಯವರು ದೂರದ ಇನ್ನೊಂದು ಏರಿನ ಮೇಲೆ ಕೋಲು ನೆಟ್ಟಗೆ ಹಿಡಿದು ನಿಲ್ಲುವರು. ಕೋಲಿನ ಮೇಲಿನ ಅಂಕಿಯನ್ನು ಆಕೆ ದುರ್ಬೀನಿನಲ್ಲಿ ಓದುವರು. ಅಲ್ಲಿಂದ ನೋಡಿದರೆ ಮೇಡಂ ಒಂದು ಬೆರಳಷ್ಟು ಕಾಣುತ್ತಿದ್ದರು. ನನಗೆ ಆಕೆ ಅಷ್ಟು ಚಿಕ್ಕದಾಗಿ ಕಂಡರೆ ಆಕೆಗೆ ನಾನೂ ಅಷ್ಟೇ ಎಂದು ಲೆಕ್ಕ ಹಾಕಿದ ಜ್ವಾಲಾಮುಖಿಯವರ ಮನಸ್ಸು ಹಗುರಾಯಿತು. ಖರ್ಜೂರದೊಳಗೆ ಬಾದಾಮಿ ಇಟ್ಟು ತಾವೇ ಮಾಡಿದ ಉಂಡೆ ಈ ಬಿಸಿಲಿಗೆ ಕರಗಿದೆಯೋ ಏನೋ! ಕೋಲನ್ನು ಹೆಗಲಿಗೊರಗಿಸಿ ಒಂದನ್ನು ಪರೀಕ್ಷಿಸಿದರು. ಕರಗಿರಲಿಲ್ಲ. ಒಂದೇ ಉಂಡೆಯ ಸಾಕ್ಷಿ ನಂಬುವುದು ಹೇಗೆ? ಇನ್ನೊಂದನ್ನು ಕರೆದರು.

ದೂರದಲ್ಲಿ ಮೇಡಂ ಕೈಯೆತ್ತಿ ಎಡಕ್ಕೆ ಬೀಸಿದರು. ಕೋಲು ಬಲಕ್ಕೆ ವಾಲಿದೆ, ಎಡಕ್ಕೆ ತನ್ನಿ ಎಂದು ಅದರ ಅರ್ಥ. ಹೆಂಡತಿ ಇಷ್ಟು ವರ್ಷದ ಮೇಲೆ ದೂರದಿಂದ ಕೈ ಬೀಸಿದಳಲ್ಲ ಎಂದು ಜ್ವಾಲಾಮುಖಿಯವರಿಗೆ ಹೃದಯ ತುಂಬಿ ಬಂತು. ಅವರೂ ಕೈ ಬೀಸಿದರು!

ಎರಡನೆಯ ದಿನವೂ ಇದೇ ಕಥೆ. ಉಂಡೆ ಮುಗಿದು ಒಣಬಾಳೆ, ಒಣಬಾಳೆ ಮುಗಿದು ಕಡಲೆಬೀಜ. ಪಾಪ, ಅವರ ಮನಸ್ಸಿನಲ್ಲಿ ಕಳ್ಳತನವಿರಲಿಲ್ಲ. ಪ್ರತಿಯೊಂದು ತುತ್ತೂ ಹೆಂಡತಿಯ ಆರೋಗ್ಯದ ಕಾಳಜಿಯಿಂದಲೇ ಇಳಿಯುತ್ತಿತ್ತು. ಸಂಜೆ, ಬೆಟ್ಟದ ಮುಕ್ಕಾಲಿನಲ್ಲಿದ್ದ ಕಾವಲು ಗುಡಿಸಲಿನಲ್ಲಿ ಚೀಲ ಸುರಿದಾಗ ಮಾತ್ರ ಲೆಕ್ಕ ಬಯಲಾಯಿತು. ಒಂದೇ ಒಂದು ಡಬ್ಬಿಗಾಗುವಷ್ಟು ಒಣ ಕಾಳು, ಅನ್ನ. ಅಷ್ಟೇ!

"ದಾರೀಲಿ... ಇಲಿ ಏನಾದ್ರೂ..." ಎಂದು ಶುರು ಮಾಡಿದರು.

"ಬೇಡಿ ರೀ" ಎಂದರು ಮೇಡಂ ಶಾಂತವಾಗಿ. "ನಿನ್ನೆ ದೊಡ್ಡ ಬಂಡೆ ಹತ್ರ ಎರಡು ಉಂಡೆ. ಒಣಗಿದ ಮರದ ಹತ್ರ ಮೂರು. ಇವತ್ತು ಬೆಳಗ್ಗೆ ಒಣಬಾಳೆ. ಮಧ್ಯಾಹ್ನ ಕಡಲೆಬೀಜ ಮೇಲಕ್ಕೆಸೆದು ಬಾಯಲ್ಲಿ ಹಿಡಿಯೋ ಆಟ. ಒಂದು ತಪ್ಪಿ ಮೂಗಿಗೆ ಬಡೀತು."

ಜ್ವಾಲಾಮುಖಿಯವರು ತಮಗೆ ಅರಿವಿಲ್ಲದೆ ಮೂಗು ಮುಟ್ಟಿಕೊಂಡರು. "ನಿನಗೆ... ಹೇಗೆ..."

"ಕೋಲಿನ ಮೇಲಿನ ಸಣ್ಣ ಅಂಕಿ ಓದೋ ದುರ್ಬೀನು ರೀ ಅದು! ನಿಮ್ಮ ಮೀಸೆ ಮೇಲಿನ ಚೂರು ಕೂಡ ಕಾಣುತ್ತೆ. ಹಳೇ ದುರ್ಬೀನು, ಎಲ್ಲಾ ತಲೆಕೆಳಗಾಗಿ ಕಾಣುತ್ತೆ ನಿಜ. ಆದ್ರೆ ತಲೆಕೆಳಗಾಗಿ ನಿಂತು ತಿಂದ್ರೂ ತಿಂದದ್ದು ತಿಂದದ್ದೇ!"

"ಆಗಲೇ ಕೂಗಿ ಬೈಯಬಾರದಿತ್ತೇನೇ?"

"ಕೂಗಿದ್ರೆ ನಿಮಗೆ ಕೇಳೋ ದೂರವಾ ಅದು? ಕೈ ಬೀಸಿದೆ. ನೀವು ವಾಪಸ್ ಬೀಸಿದ್ರಿ. ಆ ನಗು ನೋಡಿ ನನಗೂ ನಗು ಬಂತು, ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಆದರೆ ಮೇಡಂ ಬೈಯಲಿಲ್ಲ. ನೆತ್ತಿಯ ಕಡೆಗೆ ನೋಡಿದರು. ನಾಳೆಯದೇ ಕಡಿದಾದ ಏರು. ಇಳಿದು ಹೋಗಿ ಬುತ್ತಿ ತರುವುದೆಂದರೆ ಈ ಸಲವೂ ನಡುವೆಯೇ ಇಳಿದರೆಂಬ ಸುದ್ದಿ ಮೇಲಧಿಕಾರಿಗೆ ಮುಟ್ಟದೆ ಇರದು. "ಹೋದ ಸಲ ಇಲ್ಲಿಂದಲೇ ತಲೆ ಸುತ್ತಿದ್ದು ರೀ. ಆ ನೆತ್ತಿ ಹೇಗಿದೆ ಅಂತ ಕೂಡ ನೋಡ್ಲಿಲ್ಲ ನಾನು. ನಾಳೇನೂ ಆಗದಿದ್ರೆ ಇನ್ಯಾವತ್ತೂ ಇಲ್ಲ."

ಜ್ವಾಲಾಮುಖಿಯವರಿಗೆ ತಿಂದ ಉಂಡೆಗಳೆಲ್ಲ ಗಂಟಲಿಗೆ ಬಂದ ಹಾಗಾಯಿತು. ಊರಿಗೆಲ್ಲ ಬಡಿಸುವ ಕೈ ತನ್ನ ಹೆಂಡತಿಯ ಪಾಲನ್ನೇ ತಿಂದು ಹಾಕಿತಲ್ಲ! ನಾಚಿಕೆಯಿಂದ ಅವರು ಎದ್ದು ನಿಂತು, ಕೈಯಲ್ಲಿ ಅಳತೆಕೋಲು ಹಿಡಿದು ಘೋಷಿಸಿದರು: "ನಾಳೆ ಆ ಡಬ್ಬಿ ನಾನೇ ಹೊರ್ತೀನಿ. ನೆತ್ತಿ ಮುಟ್ಟಿ, ಕೊನೇ ಅಳತೆ ನೀನು ಓದಿ ಮುಗಿಸೋವರೆಗೂ ಅದರ ಮುಚ್ಚಳ ಮುಟ್ಟಲ್ಲ. ರುಚಿ ನೋಡಲ್ಲ. ಒಂದು ಕಾಳೂ ಇಲ್ಲ! ಇದು ಜ್ವಾಲಾಮುಖಿಯ ಮಾತು!"

"ದುರ್ಬೀನು ಇಟ್ಟಿರ್ತೀನಿ" ಎಂದರು ಮೇಡಂ.

ಬೆಳಕು ಹರಿಯುತ್ತಲೇ ಕಾಳಿಗೆ ನೀರು ಸುರಿದು, ಖಾರ ನಿಂಬೆರಸ ಬೆರೆಸಿ, ಮುಚ್ಚಳವನ್ನು ಎರಡು ಕೈಯಲ್ಲೂ ಬಿಗಿದರು. ಭಾರ ಬೇಡವೆಂದು ಉಳಿದ ಸಾಮಾನೆಲ್ಲ ಗುಡಿಸಲಿನಲ್ಲೇ ಬಿಟ್ಟರು. ಮುಂದೆ ನಡೆದದ್ದು ಒಬ್ಬ ಅಡುಗೆಯವನ ಬಾಳಿನ ಅತ್ಯಂತ ಘೋರ ಯುದ್ಧ! ಬೆನ್ನ ಮೇಲೆ ಡಬ್ಬಿ ಗುಳುಗುಳು ಎನ್ನುತ್ತಿತ್ತು. ಕಾಳು ಉಬ್ಬುತ್ತಿರುವುದು ಕಣ್ಣಿಗೆ ಕಟ್ಟಿದಂತಿತ್ತು. ನಾಲಿಗೆ ಬಾಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಅಲೆದಾಡಿತು. ಅಭ್ಯಾಸಬಲದಿಂದ ಕೈ ಹಿಂದಕ್ಕೆ ಹೋದಾಗಲೆಲ್ಲ ಇನ್ನೊಂದು ಕೈ ಅದನ್ನು ಹಿಡಿದು ವಾಪಸು ತಂದು ಕೋಲಿನ ಮೇಲಿಟ್ಟಿತು.

ತಿನ್ನುವ ಕೆಲಸವಿಲ್ಲದ್ದರಿಂದ ಅಂದು ಅವರು ಮೊದಲ ಬಾರಿಗೆ ಹೆಂಡತಿಯನ್ನು ನೋಡಿದರು. ಎರಡು ದಿನ ಕೋಲು ಹಿಡಿದು ಊಟದ ಕಡೆಗೇ ನೋಡುತ್ತಿದ್ದವರಿಗೆ ಈಗ ಆಕೆ ಕಂಡರು. ಗಾಳಿ ಎಳೆದಾಡುತ್ತಿದ್ದ ಬಂಡೆಯಂಚಿನಲ್ಲಿ ಸ್ಟ್ಯಾಂಡಿನ ಮೂರು ಕಾಲನ್ನೂ ಒಂದೊಂದಾಗಿ ಊರಿ, ತಮ್ಮ ಮೈಯನ್ನೇ ಗಾಳಿಗೆ ಅಡ್ಡ ಕೊಟ್ಟು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕಾಯುವುದು. ಅಂಕಿ ಅನುಮಾನವೆನಿಸಿದರೆ, ಹತ್ತಿದ ಏರನ್ನು ಮತ್ತೆ ಇಳಿದು, ಗೊಣಗದೆ ಮತ್ತೆ ಅಳೆಯುವುದು. ಕಾಲ ಕೆಳಗೆ ಕಲ್ಲು ಜಾರಿದರೂ ಮೊದಲು ಕೈ ಹೋದದ್ದು ದುರ್ಬೀನಿಗೆ, ಆಮೇಲೆ ಮೊಣಕಾಲಿಗೆ. ಇಷ್ಟು ವರ್ಷ ಸಂಜೆ ಮನೆಗೆ ಬಂದು "ಸುಸ್ತು ರೀ" ಎಂದು ಕಾಲು ಚಾಚುತ್ತಿದ್ದ ಹೆಂಗಸು ಹಗಲೆಲ್ಲ ಮಾಡುತ್ತಿದ್ದದ್ದು ಇದನ್ನೇ! ನನ್ನದು ಬೆಂಕಿ ಹೆಚ್ಚಿಸುವ, ತಗ್ಗಿಸುವ ಕೆಲಸ. ಈಕೆ ಬೆಟ್ಟವನ್ನೇ ಮಣಿಸುತ್ತಾಳಲ್ಲ ಎಂದು ಅವರು ಹೆಮ್ಮೆಪಟ್ಟರು. ಅವರ ಕೋಲು ಅಂದು ನೆಟ್ಟಗೆ, ಗೂಟ ಹೊಡೆದ ಹಾಗೆ ನಿಂತಿತ್ತು. ಮೇಡಂ ಒಮ್ಮೆಯೂ ಕೈ ಬೀಸಬೇಕಾಗಲಿಲ್ಲ.

ನೆತ್ತಿ ಬಂತು. ಮೇಡಂ ಕೊನೆಯ ಅಂಕಿ ಓದಿದರು, ಇನ್ನೊಮ್ಮೆ ಓದಿದರು, ದುರ್ಬೀನಿನಿಂದ ಕಣ್ಣು ತೆಗೆದು ಎರಡೂ ಕೈ ಮೇಲೆತ್ತಿದರು. ಈ ಸಲ ಆಕೆ ನಿಜವಾಗಿಯೂ ಗಂಡನಿಗೇ ಕೈ ಬೀಸಿದ್ದು! ಬೆಟ್ಟ ಆಕೆಯದಾಗಿತ್ತು. ಇನ್ನು ಯಾವ ಮೇಲಧಿಕಾರಿಯೂ ಆಕೆಯ ಕೈಗೆ ನಕ್ಷೆ ಕೊಟ್ಟು ಮಡಚು ಎನ್ನುವಂತಿರಲಿಲ್ಲ.

ಜ್ವಾಲಾಮುಖಿಯವರು ಓಡೋಡಿ ಬಂದು, ಬೆನ್ನಿನ ಡಬ್ಬಿ ಇಳಿಸಿ, ಹಸುಗೂಸನ್ನು ಒಪ್ಪಿಸುವಂತೆ ಎರಡು ಕೈಯಲ್ಲಿ ಹಿಡಿದು ಒಪ್ಪಿಸಿದರು. "ತಗೋ! ಬಿಗಿದ ಮುಚ್ಚಳ ಬಿಗಿದ ಹಾಗೇ ಇದೆ. ಬೇಕಾದ್ರೆ ದುರ್ಬೀನಿನಲ್ಲಿ ನೋಡು!"

ಮುಚ್ಚಳ ತೆರೆದರೆ ಕಂಠದವರೆಗೂ ಊಟ! ಕಾಳು ದುಂಡಗೆ ಉಬ್ಬಿತ್ತು, ಅನ್ನ ಬಿಡಿಬಿಡಿಯಾಗಿತ್ತು, ಕ್ಯಾರೆಟ್ಟು ಬಣ್ಣ ಬಿಟ್ಟು ನಗುತ್ತಿತ್ತು. ಮೇಡಂ ಮೊದಲ ಚಮಚ ಬಾಯಿಗಿಟ್ಟು ಒಂದು ಗಳಿಗೆ ನಿಂತು, ಆಮೇಲೆ ನಿಧಾನವಾಗಿ ಅಗಿಯತೊಡಗಿದರು. ಎರಡನೆಯ ಚಮಚ. ಮೂರನೆಯದು. ಜ್ವಾಲಾಮುಖಿಯವರು ಹೊಗಳಿಕೆಗಾಗಿ ಕಾದು ಕಾದು, ತಾವೂ ಒಂದು ಚಮಚ ತೆಗೆದು ಬಾಯಿಗಿಟ್ಟರು.

ಅವರ ಮುಖ ಬಿಳಿಚಿಕೊಂಡಿತು. ಉಪ್ಪೇ ಇಲ್ಲ! ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಉಪ್ಪು ಹಾಕುವ ಒಂದೇ ವಿಧಾನ ಅವರಿಗೆ ಗೊತ್ತಿದ್ದದ್ದು: ನಾಲಿಗೆ ಕೇಳಬೇಕು, ಕೈ ಹಾಕಬೇಕು. ಇಂದು ನಾಲಿಗೆಗೆ ಬೀಗ ಬಿದ್ದಿತ್ತು, ಕೈಗೆ ಯಾರೂ ಹೇಳಲಿಲ್ಲ. ಉಪ್ಪಿನ ಡಬ್ಬಿ ಕೆಳಗೆ ಗುಡಿಸಲಿನಲ್ಲಿ ತಣ್ಣಗೆ ಕೂತಿತ್ತು.

"ಅಯ್ಯೋ ಇವಳೇ! ಇದಕ್ಕೆ ಉಪ್ಪೇ ಹಾಕಿಲ್ಲ ಕಣೇ! ನನ್ನ ಮರ್ಯಾದೆ ಹೋಯ್ತು! ಇದನ್ನ ಹೇಗೆ ತಿಂತಿದ್ದೀಯ?"

ಮೇಡಂ ಮತ್ತೊಂದು ಚಮಚ ತುಂಬಿಕೊಂಡು, ಡಬ್ಬಿಯನ್ನು ಗಂಡನ ಕೈಗೆಟುಕದಂತೆ ತಮ್ಮ ಮಡಿಲಿಗೆ ಸರಿಸಿಕೊಂಡರು.

"ಉಪ್ಪು ಇಲ್ಲ, ನಿಜ. ಆದ್ರೆ ಮೂರು ದಿನದಲ್ಲಿ ಮೊದಲನೇ ಸಲ, ಊಟ ಇದೆಯಲ್ರೀ!"